ಚೆಂಡೆಯ ತುಣುಕು ನಮ್ಮದೇ ಇರಲಿ

ಕುಂಬಳೆ

ಪ್ರೀತಿಯ ಗೆಳೆಯಾ,

ಹಳೆಯ ಯಕ್ಷಗಾನ ಕ್ಯಾಸೆಟ್ಟಿನ ಚೆಂಡೆಪೆಟ್ಟು ಸೇರಿಸಿ ನೀನು ಮಾಡಿದ ರ‍್ಯಾಪ್ ಹಾಡನ್ನು ಹಕ್ಕಿನ ತಕರಾರು ಬಂದು ತೆಗೆಸಿದರು ಅಂತ ಬರೆದಿದ್ದೀಯ. ಅದು ಬೇಸರದ ವಿಷಯವೇ. ಆದರೆ ಇನ್ನು ಹಾಡು ಮಾಡುವುದೇ ಇಲ್ಲ ಎಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಅಮೆರಿಕದ ಡೆ ಲಾ ಸೋಲ್ ಎಂಬ ರ‍್ಯಾಪ್ ತಂಡದ 2016ರ ಆಲ್ಬಮ್ ಒಂದಿದೆ, 'ಆ್ಯಂಡ್ ದಿ ಅನಾನಿಮಸ್ ನೋಬಡಿ'. ಮೊದಲು ಅದನ್ನು ಕೇಳು. ನಿನಗೆ ಆದದ್ದೇ ಅವರಿಗೂ ಆಗಿತ್ತು, ಇನ್ನೂ ದೊಡ್ಡದಾಗಿ. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಮೂವರು ಹುಡುಗರು 1989ರಲ್ಲಿ ಮೊದಲ ಆಲ್ಬಮ್ ತಂದರು. ಕಂಡಕಂಡ ಹಳೆಯ ರೆಕಾರ್ಡುಗಳ ತುಣುಕು ಕತ್ತರಿಸಿ ಹೊಲಿದ ಹಾಡುಗಳು. ಟರ್ಟಲ್ಸ್ ಎಂಬ ಹಳೆಯ ತಂಡದವರು ತಮ್ಮ ಹಾಡಿನ ತುಣುಕು ಬಳಸಿದರೆಂದು ಕೇಸು ಹಾಕಿದರು. ಅದು ಕೋರ್ಟಿನ ಹೊರಗೆ ಮುಗಿಯಿತು. ಆದರೂ ತುಣುಕುಗಳ ಹಕ್ಕಿನ ಗೊಂದಲ ಬಿಡಲಿಲ್ಲ. ಆ ಕಾಲದ ಅವರ ಆಲ್ಬಮ್‌ಗಳು ಸ್ಟ್ರೀಮಿಂಗಿಗೆ ಬಂದದ್ದು 2023ರ ಮಾರ್ಚಿನಲ್ಲಿ. ಮೂವರಲ್ಲಿ ಒಬ್ಬನಾದ ಟ್ರೂಗಾಯ್ ಅದಕ್ಕೆ ಕೆಲವೇ ವಾರ ಮೊದಲು, ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

2016ರ ಆಲ್ಬಮ್ಮಿಗೆ ಅವರು ಹಿಡಿದ ದಾರಿಯೇ ಬೇರೆ. ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಕೇಳುಗರ ಹತ್ತಿರ 1,10,000 ಡಾಲರ್ ಕೇಳಿದರು, 6 ಲಕ್ಷಕ್ಕೂ ಜಾಸ್ತಿ ಬಂತು. ರಿದಮ್ ರೂಟ್ಸ್ ಆಲ್‌ಸ್ಟಾರ್ಸ್ ಎಂಬ ವಾದ್ಯ ತಂಡವನ್ನು ಕೂರಿಸಿ, ಮನಸ್ಸಿಗೆ ಬಂದ ಹಾಗೆ ನುಡಿಸಲು ಬಿಟ್ಟು, 200 ಗಂಟೆಗೂ ಹೆಚ್ಚು ರೆಕಾರ್ಡ್ ಮಾಡಿದರು. ಆಮೇಲೆ ಆ ರಾಶಿಯಿಂದಲೇ ತುಣುಕು ಹೆಕ್ಕಿ ಹಾಡು ಕಟ್ಟಿದರು. ಬೇರೆಯವರ ರೆಕಾರ್ಡಿನ ಜಾಗದಲ್ಲಿ ತಮ್ಮದೇ ರೆಕಾರ್ಡು, ನೋಡು!

ಅದಕ್ಕೇ ಅಲ್ಲಿ ಫಂಕ್, ಸೋಲ್, ಜಾಝ್, ರಾಕ್ ಎಲ್ಲ ಒಂದೇ ಮನೆಯವರಂತೆ ಕೇಳಿಸುತ್ತವೆ. ಅತಿಥಿ ಹಾಡುಗಾರರಾಗಿ ಡೇವಿಡ್ ಬರ್ನ್ ಬರುತ್ತಾನೆ, ಸ್ನೂಪ್ ಡಾಗ್ ಬರುತ್ತಾನೆ, ಡೇಮನ್ ಆಲ್ಬರ್ನ್ ಕೂಡ. ಜಸ್ಟಿನ್ ಹಾಕಿನ್ಸ್ ಹಾಡುವ ರಾಕ್ ಹಾಡು ನನಗೆ ಉದ್ದ ಜಾಸ್ತಿ ಅನಿಸಿತು. ಆದರೆ ಸ್ವೀಡನ್ನಿನ ಲಿಟಲ್ ಡ್ರ್ಯಾಗನ್ ತಂಡದ ಜತೆಗಿನ 'ಡ್ರಾನ್' ಇದೆಯಲ್ಲ, ಅದನ್ನು ರಾತ್ರಿ ಹೆಡ್‌ಫೋನ್ ಹಾಕಿ ಕೇಳು. ಬಹಳ ಹೊತ್ತು ಆ ತಂಡದ ಗಾಯಕಿಯ ದನಿ ಮಾತ್ರ. ರ‍್ಯಾಪ್ ಬರುವುದು ಕೊನೆಗೆ. ಅಷ್ಟು ಹೊತ್ತು ಸುಮ್ಮನೆ ಕಾಯಲು ಹಾಡಿನ ಮೇಲೆ ಎಂಥ ನಂಬಿಕೆ ಬೇಕು!

ಈಗ ನಮ್ಮ ಕಥೆಗೆ ಬರೋಣ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲಿ ಕೂತು ನಾವು ಚೆಂಡೆಗಾಗಿ ಕ್ಯಾಸೆಟ್ ಹುಡುಕಬೇಕಾ? ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ಪತ್ತನಾಜೆ ಕಳೆದರೆ ಮೇಳಗಳ ತಿರುಗಾಟ ನಿಲ್ಲುತ್ತದೆ, ಚೆಂಡೆ ಮದ್ದಳೆಯವರಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಪಕ್ಕದ ಮೊಗ್ರಾಲಿನಲ್ಲಿ ಮಾಪಿಳ್ಳೆ ಹಾಡಿನವರಿದ್ದಾರೆ, ದಫ್ ಬಾರಿಸುವವರನ್ನೂ ಕೇಳೋಣ. ಎಲ್ಲರನ್ನೂ ಒಟ್ಟಿಗೆ ಕೂರಿಸೋಣ. ಇಂಥದ್ದೇ ತಾಳ ಬೇಕು ಅಂತ ಮೊದಲೇ ಹೇಳುವುದು ಬೇಡ. ಅವರು ನುಡಿಸಲಿ, ನೀನು ಆಮೇಲೆ ಕತ್ತರಿಸು. ನಿನ್ನ ಸಾಲುಗಳಲ್ಲಿ ಕನ್ನಡದ ನಡುವೆ ತುಳು, ಮಲಯಾಳ ಹೇಗೂ ಬರುತ್ತವೆ, ಅಲ್ವಾ?

ಮಳೆಗೆ ಚರ್ಮದ ಶ್ರುತಿ ಇಳಿಯುತ್ತದೆ, ಹಂಚಿನ ಮಾಡಿನ ಸದ್ದೂ ಮೈಕಿಗೆ ಬೀಳುತ್ತದೆ. ಹಾಗಾಗಿ ತಾರಸಿ ಮನೆಯೊಂದನ್ನು ನೋಡಿಡುತ್ತೇನೆ. ನುಡಿಸುವವರಿಗೆ ಎಷ್ಟು ಹಣ, ಹಾಡಿನಲ್ಲಿ ಯಾರ ಹಕ್ಕು ಎಷ್ಟು ಅನ್ನುವುದನ್ನು ಮೊದಲ ದಿನವೇ ಕಾಗದದಲ್ಲಿ ಬರೆದು ಸಹಿ ಹಾಕಿಸೋಣ. ನೀನು ಯಾವಾಗ ಬರುತ್ತೀಯ ಹೇಳು.

ಇಂತಿ ನಿನ್ನ ಗೆಳೆಯ