ಪಿಎಚ್.ಡಿ. ಮುಗಿಯಿತು: ನಮ್ಮ ಕೌನ್ಸೆಲಿಂಗ್ ಸೆಂಟರಿನವರಿಗೆ ಥ್ಯಾಂಕ್ಸ್

ಕಳೆದ ವಾರ ನನ್ನ ಪಿಎಚ್.ಡಿ. ನೋಟಿಫಿಕೇಷನ್ ಬಂತು. ವೈವಾ ಆದಮೇಲೂ ಫೈಲು ಮೇಜಿನಿಂದ ಮೇಜಿಗೆ ಓಡಾಡಿ ಕೊನೆಗೂ ಕುಲಸಚಿವರ ಸಹಿ ಬಿತ್ತು. ಪ್ರಬಂಧದ ಶುರುವಿನಲ್ಲಿ ‘ಕೃತಜ್ಞತೆಗಳು’ ಅಂತ ಒಂದು ಪುಟ ಇರುತ್ತೆ ಅಲ್ವಾ? ಅದಕ್ಕೂ ಒಂದು ಕ್ರಮ ಇದೆ. ಮೊದಲು ಗೈಡ್, ಆಮೇಲೆ ವಿಭಾಗದ ಅಧ್ಯಕ್ಷರು, ಲ್ಯಾಬ್‌ನವರು, ಲೈಬ್ರರಿಯವರು, ಅಪ್ಪ, ಅವ್ವ, ಕೊನೆಗೆ ಡಿಟಿಪಿ ಮಾಡಿಕೊಟ್ಟವರು. ಕೌನ್ಸೆಲಿಂಗ್ ಸೆಂಟರಿನವರನ್ನು ನೆನೆದ ಪುಟ ಮಾತ್ರ ನಾನು ಇದುವರೆಗೆ ನೋಡಿಲ್ಲ. ನನ್ನ ಪ್ರಬಂಧದಲ್ಲಿ ಅವರಿಗೆ ಒಂದು ಸಾಲು ಬರೆದಿದ್ದೇನೆ. ಒಂದು ಸಾಲು ಯಾವ ಮೂಲೆಗೂ ಸಾಲುವುದಿಲ್ಲ, ಅದಕ್ಕೆ ಇದು.

ಇಲ್ಲಿ ಯಾರ ಹೆಸರೂ ಹಾಕುತ್ತಿಲ್ಲ, ವಿಶ್ವವಿದ್ಯಾಲಯದ ಹೆಸರನ್ನೂ. ಅವರೇ ಬೇಡ ಅಂದರು. ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತೆ.

ನನ್ನ ಕಷ್ಟದ ಕತೆ ದೊಡ್ಡದೇನಲ್ಲ. ರಿಸರ್ಚ್ ಮಾಡುವ ಎಷ್ಟೋ ಜನರದ್ದು ಇದೇ ಕತೆ. ಫೆಲೋಶಿಪ್ ತಿಂಗಳುಗಟ್ಟಲೆ ಬಂದಿರಲಿಲ್ಲ. ಮೆಸ್ ಬಿಲ್ ಬಾಕಿ. ಪ್ರಯೋಗ ಕೈ ಕೊಡುತ್ತಿತ್ತು, ಕಳಿಸಿದ ಪೇಪರ್ ವಾಪಸ್ ಬರುತ್ತಿತ್ತು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳೋಕೆ ಮನಸ್ಸಿಲ್ಲ. ಊರಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಒಂದು ದಿನ ಲ್ಯಾಬ್‌ನ ಜೂನಿಯರ್ ಹುಡುಗಿ, “ಅಕ್ಕಾ, ಸುಮ್ನೆ ನನ್ನ ಜೊತೆ ಬನ್ನಿ, ಹೋಗಿ ಬರೋಣ” ಅಂತ ಕೈ ಹಿಡಿದು ಕರೆದುಕೊಂಡು ಹೋದಳು. ಮೊದಲ ಥ್ಯಾಂಕ್ಸ್ ಅವಳಿಗೆ.

ಸೆಂಟರ್ ಇರುವುದು ಆಡಳಿತ ಕಟ್ಟಡದ ಮೊದಲ ಮಹಡಿಯಲ್ಲಿ, ಸ್ಕಾಲರ್‌ಶಿಪ್ ವಿಭಾಗದ ಪಕ್ಕಕ್ಕೆ. ಯಾರು ಈ ಜಾಗ ಆರಿಸಿದರೋ, ಅವರಿಗೊಂದು ನಮಸ್ಕಾರ. ಮೆಟ್ಟಿಲು ಹತ್ತುವಾಗ ಪರಿಚಯದವರು ಸಿಕ್ಕರೆ “ಸ್ಕಾಲರ್‌ಶಿಪ್ ವಿಚಾರಿಸೋಣ ಅಂತ” ಅಂದರೆ ಆಯಿತು. ಇದು ಚಿಕ್ಕ ವಿಷಯ ಅನ್ನಿಸಬಹುದು. ‘ಮಾನಸಿಕ’ ಅಂತ ಬೋರ್ಡ್ ಇರುವ ಬಾಗಿಲಿನ ಮುಂದೆ ಕಾಯುತ್ತ ಕೂರುವಾಗ ಹಾಸ್ಟೆಲಿನವರು ಯಾರಾದರೂ ನೋಡಿದರೆ ಅನ್ನೋ ಭಯ ಎಷ್ಟು ದೊಡ್ಡದು ಅಂತ ಕೂತವರಿಗೇ ಗೊತ್ತು.

ಮುಂದಿನ ಮೇಜಿನಲ್ಲಿ ಒಬ್ಬರು ಅಕ್ಕ ಇರುತ್ತಾರೆ. ರಿಜಿಸ್ಟರ್ ಅವರ ಕೈಯಲ್ಲಿ. ಈ ಅಕ್ಕ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. “ಹನ್ನೊಂದೂವರೆಯವರು ಬನ್ನಿ” ಅನ್ನುತ್ತಾರೆ, ಅಷ್ಟೇ. ರಿಜಿಸ್ಟರ್ ತೆರೆದರೆ ಮೇಲಿನ ಹೆಸರುಗಳ ಮೇಲೆ ಒಂದು ರಟ್ಟಿನ ತುಂಡು ಇಟ್ಟು, ನಿಮ್ಮ ಸಾಲು ಮಾತ್ರ ಕಾಣುವ ಹಾಗೆ ಮುಂದೆ ಸರಿಸುತ್ತಾರೆ. ಹಳೇ ಕ್ಯಾಲೆಂಡರಿನ ರಟ್ಟು ಅದು, ಹಿಂದೆ ಯಾವುದೋ ಸಹಕಾರಿ ಬ್ಯಾಂಕಿನ ಗಣಪತಿ. ಇದನ್ನು ಅವರಿಗೆ ಯಾವ ಟ್ರೇನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲವಂತೆ. ಕೇಳಿದ್ದಕ್ಕೆ, “ನನ್ನ ಹೆಸರು ಬೇರೆಯವರು ಓದಿದರೆ ನನಗೆ ಹೇಗಿರುತ್ತೆ ಹೇಳಿ” ಅಂದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ಗೋಪ್ಯತೆಯನ್ನು ನಮ್ಮ ಹಕ್ಕು ಅಂತ ಹೇಳುತ್ತೆ. ಆ ಕಲಂ ನಾನು ಆಮೇಲೆ ಓದಿದೆ. ಮೊದಲು ನೋಡಿದ್ದು ಆ ರಟ್ಟನ್ನು.

ಒಳಗಿನ ಕೋಣೆಯ ಮೇಡಂ ಬಗ್ಗೆ ಎಷ್ಟು ಬರೆದರೂ ಕಡಿಮೆ. ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು: “ನೀವು ಹೇಳಿದ್ದು ಈ ಕೋಣೆ ಬಿಟ್ಟು ಆಚೆ ಹೋಗಲ್ಲ. ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತೆ. ಆಗಲೂ ನಿಮಗೆ ಹೇಳಿಯೇ ಮಾಡ್ತೀನಿ.” ಆಮೇಲೆ ಒಂದು ಹಾಳೆ ಕೊಟ್ಟರು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಹೀಗೆ ಎಷ್ಟು ದಿನ ಅನ್ನಿಸಿತು ಅಂತ ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಬೇಕು. ಒಟ್ಟು 27. ಅಂಕ ಜಾಸ್ತಿ ಆದಷ್ಟು ಖಿನ್ನತೆ ಜಾಸ್ತಿ ಅಂತ ಲೆಕ್ಕ. ನನ್ನದು 20 ದಾಟಿತ್ತು. “ಬಹಳ ದಿನದ ಮೇಲೆ ಒಳ್ಳೇ ಮಾರ್ಕ್ಸ್ ಬಂತು ಮೇಡಂ” ಅಂದೆ. ಅವರು ನಕ್ಕರು. ನಕ್ಕು, ಪೆನ್ ಕೆಳಗಿಟ್ಟು, ನೇರವಾಗಿ ಕೇಳಿದರು: “ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?”

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ ನಮ್ಮಲ್ಲಿ ತುಂಬ ಜನ ಹೆದರುತ್ತಾರೆ. ಅಧ್ಯಯನಗಳು ಹೇಳುವುದು ಹಾಗಲ್ಲ. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಬಾಯಿಗೆ ಬರುತ್ತೆ. ನನಗೂ ಬಂತು. “ಹೌದು” ಅಂದೆ. ಮೇಡಂ ಮುಖದಲ್ಲಿ ಗಾಬರಿ ಇರಲಿಲ್ಲ, ಉಪದೇಶವೂ ಬರಲಿಲ್ಲ. ‘ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದ್ದಾರೆ’ ಅನ್ನೋ ಮಾತು ಬಂದಿದ್ದರೆ ನಾನು ಎದ್ದು ಬರುತ್ತಿದ್ದೆ. ಅವತ್ತು ಇಬ್ಬರೂ ಕೂತು ಒಂದು ಹಾಳೆ ಬರೆದೆವು. ಪರಿಸ್ಥಿತಿ ಕೆಡ್ತಾ ಇದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ, ಆಗ ನಾನೇ ಏನು ಮಾಡಬಹುದು, ಯಾರ ರೂಮಿಗೆ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬೇಕು. ಕೊನೆಯ ಸಾಲಿನಲ್ಲಿ 14416. ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ರಾತ್ರಿ ಎಷ್ಟೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ರಾತ್ರಿ ನಾನು ಮಾಡಿದ್ದೆ. ಆ ಕಡೆ ಇದ್ದ ಹೆಣ್ಣುಮಗಳು ಯಾರೋ ಗೊತ್ತಿಲ್ಲ. ಈ ಥ್ಯಾಂಕ್ಸ್‌ನಲ್ಲಿ ಅವರ ಪಾಲೂ ಇದೆ.

ಆಮೇಲಿನ ವಾರಗಳಲ್ಲಿ ಪವಾಡ ಏನೂ ನಡೆಯಲಿಲ್ಲ. ಮನಸ್ಸಿಲ್ಲದಿದ್ದರೂ ದಿನಕ್ಕೊಂದು ಕೆಲಸ ಅಂತ ಹೋಂವರ್ಕ್. ಮೊದಲ ವಾರ ಅಧ್ಯಾಯ ಬರೆಯುವುದಲ್ಲ, ತಲೆಸ್ನಾನ ಮಾಡಿ ಮೆಸ್‌ನಲ್ಲಿ ಕೂತು ತಿಂಡಿ ತಿನ್ನುವುದು. ಅದು ಸುಲಭ ಅಂದುಕೊಂಡವರು ಆ ಸ್ಥಿತಿಯಲ್ಲಿ ಒಮ್ಮೆ ಮಾಡಿ ನೋಡಲಿ.

ವಾರಕ್ಕೊಮ್ಮೆ ಬರುವ ಡಾಕ್ಟರ್ ಮಾತ್ರೆ ಬರೆದರು. “ಗುಣ ಕಾಣೋಕೆ ಕೆಲವು ವಾರ ಬೇಕು. ಅಲ್ಲಿವರೆಗೆ ಬಾಯಿ ಒಣಗಬಹುದು, ಹೊಟ್ಟೆ ತೊಳಸಬಹುದು. ನೀವಾಗೇ ನಿಲ್ಲಿಸಬೇಡಿ, ನನ್ನನ್ನು ಕೇಳಿ” ಅಂತ ಮೊದಲೇ ಹೇಳಿದ್ದರಿಂದ ನಾನು ತಡೆದುಕೊಂಡೆ. ಹೇಳದಿದ್ದರೆ ಮೊದಲ ವಾರವೇ ಮಾತ್ರೆ ಕಸದ ಬುಟ್ಟಿಗೆ ಹೋಗುತ್ತಿತ್ತು.

ಊರಲ್ಲಿ ಅವ್ವಂದು ಬೇರೆಯೇ ರೋಗನಿರ್ಣಯ. “ಯಾರದೋ ಕಣ್ಣು ಬಿದ್ದೈತಿ ಮಗಳ, ಊರಿಗೆ ಬಾ.” ನಮ್ಮದು ಹಾವೇರಿ ಕಡೆ. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಬರ ಇಲ್ಲ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕೋದು ಅವ್ವನಿಗೆ ನಿತ್ಯದ ಕೆಲಸ. ಇದನ್ನು ಮೇಡಂಗೆ ಹೇಳುವಾಗ ನನಗೆ ಸ್ವಲ್ಪ ನಾಚಿಕೆ. ಅವರು ಹೇಳಿದ್ದು ಇಷ್ಟು: “ಅಮ್ಮ ದೃಷ್ಟಿ ತೆಗೀಲಿ. ನೀವು ಮಾತ್ರೆ ತಗೊಳ್ಳಿ. ಎರಡಕ್ಕೂ ಜಗಳ ಇಲ್ಲ.” ಆಮೇಲೆ ನನ್ನ ಒಪ್ಪಿಗೆ ಕೇಳಿಯೇ ಅವ್ವನ ಜೊತೆ ಫೋನಿನಲ್ಲಿ ಮಾತಾಡಿದರು. ಏನು ಮಾತಾಡಿದರೋ, ಅವತ್ತಿನಿಂದ ಅವ್ವ ರಾತ್ರಿ ಫೋನ್ ಮಾಡಿದಾಗ “ಉಂಡಿ?” ಆದಮೇಲೆ “ಗುಳಿಗಿ ತಗೊಂಡಿ?” ಅನ್ನೋದು ಸೇರಿತು.

ಸೋಷಿಯಲ್ ವರ್ಕರ್ ಅಣ್ಣನನ್ನು ಮರೆಯೋ ಹಾಗಿಲ್ಲ. ಫೆಲೋಶಿಪ್ ಫೈಲು ಎಲ್ಲಿ ನಿಂತಿದೆ ಅಂತ ಹುಡುಕಿದ್ದು ಅವರು. “ನಿದ್ದೆ ಬರೋ ಮಾತ್ರೆ ಇದೆ, ಮೆಸ್ ಬಿಲ್ ಕಟ್ಟೋ ಮಾತ್ರೆ ಇಲ್ಲ, ಅದಕ್ಕೆ ನಾನಿದ್ದೀನಿ” ಅನ್ನೋರು. ರಜೆಗೆ ಊರಿಗೆ ಹೋದಾಗ ಮಾತ್ರೆ ತಪ್ಪಬಾರದು ಅಂತ, ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೌಂಟರಿನಲ್ಲಿ ಉಚಿತವಾಗಿ ಸಿಗುತ್ತೆ ಅಂತ ಹೇಳಿಕೊಟ್ಟರು. ಅವರು ಬಳ್ಳಾರಿಯವರು. 1996ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಹರಡಿದ ಆ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು 80ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸ. ಅದನ್ನು ಹೇಳುವಾಗ ಅವರ ಎದೆ ಒಂದಿಂಚು ಜಾಸ್ತಿ ಉಬ್ಬುತ್ತೆ. “ಬಳ್ಳಾರಿ ಅಂದ್ರೆ ಬರೀ ಗಣಿ, ಬಿಸಿಲು ಅಲ್ಲಮ್ಮಾ.”

ಇನ್ನು ಒಂದು ಮಾತು ಹೇಳದಿದ್ದರೆ ಈ ಥ್ಯಾಂಕ್ಸ್ ಅರ್ಧವಾಗುತ್ತೆ. ಇವರೆಲ್ಲ ಗುತ್ತಿಗೆಯ ಮೇಲೆ ಇರುವವರು. ಸಂಬಳ ತಡವಾದ ತಿಂಗಳಲ್ಲೂ ನಮ್ಮ ಫೆಲೋಶಿಪ್ ತಡವಾದದ್ದರ ಬಗ್ಗೆ ಕೂತು ಕೇಳಿದವರು. ಸಾವಿರಾರು ವಿದ್ಯಾರ್ಥಿಗಳಿಗೆ ಪೂರ್ತಿ ಸಮಯದ ಕೌನ್ಸೆಲರ್ ಒಬ್ಬರೇ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸೋಷಿಯಲ್ ವರ್ಕರ್ ಇರಬೇಕು ಅಂತ ಹೇಳಿತು. ಒಳ್ಳೆಯದೇ. ನನ್ನ ಭಯ ಏನೆಂದರೆ, ನಮ್ಮ ಕಚೇರಿಗಳಲ್ಲಿ ‘ಕನಿಷ್ಠ ಒಬ್ಬರು’ ಅನ್ನೋದನ್ನು ‘ಒಬ್ಬರಿದ್ದರೆ ಸಾಕು’ ಅಂತ ಓದುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಆ ಅಕ್ಕನ ರಿಜಿಸ್ಟರಿನಲ್ಲಿ ಮುಂದಿನ ಮೂರು ವಾರ ಖಾಲಿ ಜಾಗವೇ ಇರುವುದಿಲ್ಲ. ಆಗಲೂ ಅಳುತ್ತ ಬಂದವರನ್ನು ಅವರು ವಾಪಸ್ ಕಳಿಸಿದ್ದು ನಾನು ನೋಡಿಲ್ಲ. ಮೇಡಂ ಊಟದ ಡಬ್ಬಿ ಮುಚ್ಚಿ ಒಳಗೆ ಕರೆಯುತ್ತಿದ್ದರು. ಇದನ್ನು ಹೊಗಳಿಕೆ ಅಂತ ಬರೆಯುತ್ತಿದ್ದೇನೆ, ಆದರೆ ಅವರು ಊಟ ಬಿಡುವ ಹಾಗೆ ಆಗಲೇಬಾರದು. ಇನ್ನೊಂದು ಹುದ್ದೆ ತುಂಬಿ, ಸ್ವಾಮಿ.

ನೀರಿನ ಜಗ್ ತುಂಬಿಡುವ, ನಾನು ಕಣ್ಣು ಒರೆಸಿಕೊಂಡು ಹೊರಗೆ ಬಂದಾಗಲೆಲ್ಲ ಸರಿಯಾಗಿ ಅದೇ ಹೊತ್ತಿಗೆ ಕಿಟಕಿ ಕಡೆ ತಿರುಗಿ ಏನೋ ಕೆಲಸ ಮಾಡುವ ಅಟೆಂಡರ್ ಕಾಕಾ, ನಿಮಗೂ ಥ್ಯಾಂಕ್ಸ್. ಬೇಕಂತಲೇ ತಿರುಗ್ತೀರಿ ಅಂತ ಗೊತ್ತು.

ಸೋಮವಾರ ನೋಟಿಫಿಕೇಷನ್ ಕಾಪಿ ತೋರಿಸೋಕೆ ಬರುತ್ತೇನೆ. ಧಾರವಾಡ ಪೇಡೆ ತರುತ್ತೇನೆ. ವಿದ್ಯಾರ್ಥಿಗಳಿಂದ ಏನೂ ತಗೊಳ್ಳಬಾರದು ಅನ್ನೋ ನಿಮ್ಮ ನಿಯಮ ನೆನಪಿದೆ ಮೇಡಂ. ಅದಕ್ಕೆ ಡಬ್ಬಿಯನ್ನು ಸ್ಕಾಲರ್‌ಶಿಪ್ ವಿಭಾಗದ ಮೇಜಿನ ಮೇಲೆ ಇಟ್ಟಿರುತ್ತೇನೆ. ಅವರು ಖಾಲಿ ಮಾಡೋದರೊಳಗೆ ಹೋಗಿ ತಗೊಳ್ಳಿ.