ಕುಶಾಲನಗರದ ಆ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲೂ ಇಲ್ಲ ನಾನು. ಕುಶಾಲನಗರ ಬಸ್ ಸ್ಟ್ಯಾಂಡಿನಲ್ಲಿ, ಸುರಿಯುವ ಮಳೆಯಲ್ಲಿ, ಜ್ವರ ಇದ್ದ ನನ್ನ ಮಗಳಿಗೆ ಫಿಟ್ಸ್ ಬಂತು. ಯಾರೋ ಕೈಗೆ ಕಬ್ಬಿಣ ಕೊಡಿ ಎಂದರು, ಯಾರೋ ಬಾಯಿಗೆ ನೀರು ಹಾಕಲು ಬಂದರು. ನೀವು ತಡೆದಿರಿ. ಮಗುವನ್ನು ಮಗ್ಗುಲಾಗಿ ಮಲಗಿಸಿ ವಾಚ್ ನೋಡುತ್ತಾ ಕೂತಿರಿ. ಫಿಟ್ಸ್ ನಿಂತರೂ ಅವಳು ನನ್ನನ್ನು ಗುರುತಿಸಲಿಲ್ಲ. "ಬರೀ ಜ್ವರದ ಫಿಟ್ಸ್ ಆದರೆ ಇಷ್ಟು ಹೊತ್ತಿಗೆ ಎಚ್ಚರ ಆಗಬೇಕಿತ್ತು, ಈ ಮಂಪರು ಸರಿಯಿಲ್ಲ" ಎಂದು ನಿಮ್ಮ ಕಾರಿನಲ್ಲೇ ಮೈಸೂರಿಗೆ ಕರೆದುಕೊಂಡು ಹೋದಿರಿ.

ವೈರಸ್‌ನಿಂದ ಮಿದುಳಿಗೆ ಬಾವು ಬಂದಿತ್ತು. ಹರ್ಪಿಸ್ ಅನ್ನೋ ವೈರಸ್ ಇರಬಹುದೆಂದು, ಬೆನ್ನಿನಿಂದ ತೆಗೆದ ನೀರಿನ ರಿಪೋರ್ಟ್ ಬರುವ ಮೊದಲೇ ಡಾಕ್ಟರು ಆ ವೈರಸ್ ತಡೆಯುವ ಔಷಧಿ ಅಸೈಕ್ಲೋವಿರ್ ಶುರು ಮಾಡಿದರು. ತಡವಾದಷ್ಟೂ ಮಿದುಳಿಗೆ ಹಾನಿ ಜಾಸ್ತಿ, ಅಲ್ವಾ?

ಈಗ ಅವಳು ಶಾಲೆಗೆ ಹೋಗುತ್ತಿದ್ದಾಳೆ. ನೀವು ಅವಳಿಗೆ ಹೊದಿಸಿದ ನೀಲಿ ಶಾಲು ಒಗೆದು ಇಟ್ಟಿದ್ದೇನೆ. ಬನ್ನಿ ಅಕ್ಕಾ.