ಮಗಳಿಗೊಂದು ಪತ್ರ: ಕೌದಿಗೆ ಬಂದ ದಾರಿ

ಪ್ರೀತಿಯ ಮಗಳೇ,

‘ನಿಮ್ಮ ಬೇರುಗಳನ್ನು ಚಿತ್ರದಲ್ಲಿ ತನ್ನಿ’ ಎಂದು ಮೇಷ್ಟರು ಹೇಳಿದಾಗಿನಿಂದ ಕುಂಚವೇ ಏಳುತ್ತಿಲ್ಲ ಎಂದು ಬರೆದಿದ್ದೀಯಲ್ಲ, ಅದಕ್ಕೇ ಅಮೆರಿಕದ ಕಪ್ಪು ಕಲಾವಿದೆ ಫೇತ್ ರಿಂಗ್‌ಗೋಲ್ಡ್ ಅವರ ವಿಷಯ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕಿನ ಹಾರ್ಲೆಂನಲ್ಲಿ. ತಾಯಿ ವಿಲ್ಲಿ ಪೋಸಿ ವಸ್ತ್ರ ವಿನ್ಯಾಸಕಿ. ವಿಲ್ಲಿಗೆ ಕೌದಿ ಕಲಿಸಿದ್ದು ಅವರ ಅಜ್ಜಿ. ಆ ಅಜ್ಜಿಗೆ ಕಲಿಸಿದ್ದು ಅವರ ತಾಯಿ ಸೂಸಿ ಶಾನನ್. ಸೂಸಿ ಗುಲಾಮಗಿರಿಯಲ್ಲಿ ಬದುಕಿದವರು. ಬೇರು ಮನೆಯೊಳಗೇ ಇತ್ತು ನೋಡು. ಆದರೂ ಫೇತ್ ಕಾಲೇಜಿನಲ್ಲಿ ಕಲಿತದ್ದು ಯುರೋಪಿನ ಕಲೆ, ಕೈಗೆತ್ತಿಕೊಂಡದ್ದು ತೈಲವರ್ಣ. 1967ರ ‘ಡೈ’ (ಅಂದರೆ ‘ಸಾಯಿ’) ಚಿತ್ರದಲ್ಲಿ ಕರಿಯರೂ ಬಿಳಿಯರೂ ರಕ್ತದಲ್ಲಿ ತೊಯ್ದು ಓಡುತ್ತಿದ್ದಾರೆ. ನಡುವೆ ಎರಡು ಮಕ್ಕಳು, ಒಂದು ಕರಿಯ, ಒಂದು ಬಿಳಿಯ, ಒಂದನ್ನೊಂದು ಅಪ್ಪಿಕೊಂಡಿವೆ. ಆ ಚಿತ್ರ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯಕ್ಕೆ ಸೇರಿದ್ದು 2016ರಲ್ಲಿ. ತಡವೆಂದರೆ ಇದು!

ಬಟ್ಟೆಯ ಕಡೆಗೆ ಅವರನ್ನು ತಿರುಗಿಸಿದ್ದು ಟಿಬೆಟಿನ ತಂಕಾ ಚಿತ್ರಗಳು, ಅಂದರೆ ಬಟ್ಟೆಯ ಅಂಚು ಕಟ್ಟಿದ ಬೌದ್ಧ ಸುರುಳಿಚಿತ್ರಗಳು. 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅವನ್ನು ನೋಡಿ, ಚೌಕಟ್ಟಿನ ಬದಲು ಬಟ್ಟೆಯ ಅಂಚು ಇಡಲು ಶುರು ಮಾಡಿದರು. ಹೊಲಿದುಕೊಟ್ಟವರು ಅಮ್ಮ. ಸುರುಳಿ ಸುತ್ತಿ ಎಲ್ಲಿಗಾದರೂ ಕಳುಹಿಸಬಹುದೆಂಬ ಅನುಕೂಲವೂ ಇತ್ತು. ಇಬ್ಬರೂ ಸೇರಿ ಮೊದಲ ಕೌದಿ ಮಾಡಿದ್ದು 1980ರಲ್ಲಿ. ಆಗ ಮಗಳಿಗೆ ಐವತ್ತು. ಮರುವರ್ಷವೇ ತಾಯಿ ತೀರಿಕೊಂಡರು.

ಆತ್ಮಕಥೆಗೆ ಪ್ರಕಾಶಕರು ಸಿಗದಿದ್ದಾಗ ಫೇತ್ ಕೌದಿಯ ಮೇಲೆಯೇ ಕಥೆ ಬರೆಯತೊಡಗಿದರು. 1983ರ ಮೊದಲ ಕಥಾ ಕೌದಿಗೆ ಆಯ್ದುಕೊಂಡದ್ದು ಆಂಟ್ ಜೆಮೈಮಾಳನ್ನು. ದೋಸೆ ಹಿಟ್ಟಿನಂಥ ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ನಗುತ್ತಿದ್ದ ಕಪ್ಪು ಅಡುಗೆಯಾಳು ಅವಳು. ಫೇತ್ ಅವಳಿಗೆ ಗಂಡ, ಮಕ್ಕಳು, ಸ್ವಂತ ಹೋಟೆಲು ಎಲ್ಲವನ್ನೂ ಕೊಟ್ಟರು. ನನಗೆ ‘ಡೈ’ಗಿಂತ ಇದೇ ಹೆಚ್ಚು ಹರಿತವೆನಿಸುತ್ತದೆ.

ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಮೆರಿಕದ ಕೌದಿಗೂ ಇಲ್ಲಿಯದಕ್ಕೂ ಒಂದೇ ಮೂಲವೆಂದು ಹೇಳಿಬಿಡುವ ಆತುರ ನನಗಿಲ್ಲ. ಸಿದ್ದಿ ಕೌದಿಯ ಮೂಲೆಗಳಿಗೆ ಮಡಿಸಿ ಹೊಲಿದ ಪುಟ್ಟ ತ್ರಿಕೋನಗಳು ಇರಲೇಬೇಕು. ಅವಿಲ್ಲದಿದ್ದರೆ ಅದು ಬೆತ್ತಲೆ ಕೌದಿ ಎನ್ನುತ್ತಾರಂತೆ.

ಬೇರನ್ನು ಸೋಮವಾರದೊಳಗೆ ಹುಡುಕಿ ಒಪ್ಪಿಸಬೇಕಾಗಿಲ್ಲ. ಸದ್ಯಕ್ಕೆ ನಿನಗಿಷ್ಟವಾದ ಆ ರೈಲು ನಿಲ್ದಾಣಗಳನ್ನೇ ಬಿಡಿಸು. ಬಣ್ಣಕ್ಕೆ ಹಣ ಹಾಕಿದ್ದೇನೆ. ದಸರಾ ರಜೆಗೆ ಬಂದಾಗ ಯಲ್ಲಾಪುರದ ಕಡೆ ಹೋಗಿಬರೋಣ.

ನಿನ್ನ ಅಮ್ಮ